ಬಂತು ಬಂತು ಎನ್ನುತ್ತಾ ಗುಡ್ಡ ಸುತ್ತಿಸಿದ್ದು

ಗುಡ್ಡ ಹತ್ತಿಸುವ ಕೆಲಸದಲ್ಲಿ ನಗು ತಪ್ಪುವುದಿಲ್ಲ. ಸಮತಟ್ಟಿನಲ್ಲಿ ಗಂಭೀರವಾಗಿರುವ ಮನುಷ್ಯ ಇಳಿಜಾರಿನಲ್ಲಿ ಹಾಗಿರಲಾರ. ಇಂಥದ್ದು ಇನ್ನೊಮ್ಮೆ ಆಗಲಿಕ್ಕಿಲ್ಲ ಅಂದುಕೊಂಡರೆ ಮುಂದಿನ ಭಾನುವಾರವೇ ಆಗುತ್ತದೆ.

ನಾನು ಕಾಡು ಕಾಯುವ ವಾಚರ್ ಆಗಿದ್ದವ. ನಿವೃತ್ತಿಯಾಗಿ ಮನೆಯ ಜಗಲಿಯಲ್ಲಿ ಕೂತಿದ್ದೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಕಾರವಾರಕ್ಕೂ ಅಂಕೋಲೆಗೂ ನಡುವೆ ಇರುವ ನಮ್ಮ ಗುಡ್ಡದಲ್ಲಿ ಅರಣ್ಯ ಇಲಾಖೆಯವರು ಚಾರಣದ ದಾರಿ ಮಾಡಿದರು. ದಾರಿ ತೋರಿಸಲು ನನ್ನನ್ನು ಕರೆದರು. ಹೋದೆ.

ದಾರಿ ಹೀಗೆ. ನಮ್ಮ ಕೇರಿಯ ಹಿಂದೆ ಶುರು. ಮೊದಲು ಕೊಳ್ಳಕ್ಕೆ ಇಳಿಯಬೇಕು. ಎರಡೂ ಬದಿ ಗೋಡೆಯಂಥ ಬಂಡೆ, ನಡುವೆ ಹಳ್ಳ. ಮಧ್ಯಾಹ್ನವೂ ತಂಪು. ಅಲ್ಲಿಂದ ಬೇರು ಹಿಡಿದು, ಮೊಣಕಾಲು ಗದ್ದಕ್ಕೆ ತಾಗುವಷ್ಟು ಕಡಿದಾದ ಏರು. ಹತ್ತಿ ಮುಗಿದರೆ ಗುಡ್ಡದ ಬೆನ್ನು. ಬೆನ್ನಿನ ಮೇಲೆ ಒಂದು ಗಂಟೆ ನಡಿಗೆ. ಒಂದು ಬದಿಗೆ ಸಮುದ್ರ, ಬೇಲೆಕೇರಿಯ ಎದುರು ಅದಿರು ತುಂಬಲು ನಿಂತ ಹಡಗು. ಇನ್ನೊಂದು ಬದಿಗೆ ಘಟ್ಟದ ಮೇಲೆ ಘಟ್ಟ. ಕಾಲಬುಡದಲ್ಲೇ ನಮ್ಮ ಕೇರಿಯ ಹಂಚು. ಆದರೆ ನೇರ ಇಳಿಯುವಂತಿಲ್ಲ. ಆ ಬದಿ ಬರೀ ಜಾರು, ಬೆತ್ತದ ಮುಳ್ಳಿನ ಬಲ್ಲೆ, ಒತ್ತಾದ ಪೊದೆ. ಬೆನ್ನಿನ ತುದಿವರೆಗೆ ಹೋಗಿ, ಸುತ್ತಿ ಇಳಿದು, ಹೊರಟಲ್ಲಿಗೇ ಬರಬೇಕು.

ಮೂವತ್ತು ವರ್ಷ ತಿರುಗಿದ ಕಾಡು. ಆದರೂ ಮೊದಲ ತಂಡವನ್ನು ಬೆನ್ನಿಗೆ ಹತ್ತಿಸಿದ ದಿನ, ಗಾಳಿ ಮುಖಕ್ಕೆ ಹೊಡೆದು ಅವರೆಲ್ಲ ‘ಹೋ’ ಎಂದು ಕೂಗಿದಾಗ, ನನ್ನ ಎದೆಯೂ ಡಬಡಬ ಎಂದಿತು. ನಾನೂ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಮಾತು ನನಗೆ ಆಗಿಬರುವುದಿಲ್ಲ. ಮನೆಯಲ್ಲಿ ಆ ಕೆಲಸ ಹೆಂಡತಿಯದು.

ಗಾಣದ ಎತ್ತು

ಮೊದಲ ದಿನ ಬೆಳಗ್ಗೆ ದೊಣ್ಣೆ ಹಿಡಿದು ಹೊರಟೆ. ಕೇರಿಯ ಹಿರಿಯನೊಬ್ಬ ಬೇಲಿ ಕಟ್ಟುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವ.

“ಎಲ್ಲಿಗೆ ಹೋಗ್ತದೋ ಈ ಹೊಸ ದಾರಿ?” ಎಂದು ಕೇಳಿದ.

“ಇಲ್ಲಿಗೇ.”

“ಇಲ್ಲಿಗೇ ಅಂದ್ರೆ?”

“ಕೊಳ್ಳ ಇಳಿದು, ಗುಡ್ಡ ಹತ್ತಿ, ಇಲ್ಲಿಗೇ.”

ಅವನು ಬೇಲಿ ಕಟ್ಟುವುದನ್ನು ನಿಲ್ಲಿಸಿದ. “ಆಚೆ ಬದಿ ಯಾರದ್ದಾದರೂ ಮನೆ ಉಂಟಾ?”

“ಇಲ್ಲ.”

“ಗದ್ದೆ? ದೇವಸ್ಥಾನ? ಸೌದೆ ತರಲಿಕ್ಕೆ?”

“ಬಿಡುವುದಿಲ್ಲ.”

“ಮತ್ತೆ ಎಂತಕ್ಕೆ ಹೋಗೂದು?”

“ನೋಡಲಿಕ್ಕೆ.”

ಅವನು ನನ್ನನ್ನು, ನನ್ನ ಹಿಂದೆ ಬೆನ್ನುಚೀಲ ಕಟ್ಟಿಕೊಂಡು ನಿಂತ ಆರು ಜನರನ್ನು ಕಣ್ಣು ಪಿಳಿಪಿಳಿ ಮಾಡಿ ನೋಡಿದ. ಒಬ್ಬರು ಕಾರವಾರದ ಬ್ಯಾಂಕಿನ ಮ್ಯಾನೇಜರು.

“ಗಾಣದ ಎತ್ತೂ ಹೀಗೇ ಸುತ್ತುತ್ತದೆ,” ಎಂದ. “ಆದರೆ ಅದಕ್ಕೆ ಕೊನೆಗೆ ಹಿಂಡಿ ಹಾಕ್ತಾರೆ.”

ಮ್ಯಾನೇಜರು ಚೀಲ ಮುಟ್ಟಿ ನೋಡಿಕೊಂಡರು. “ನಾವು ಹಿಂಡಿ ಮನೆಯಿಂದಲೇ ತಂದಿದ್ದೇವೆ ಅಜ್ಜಾ” ಎಂದರು.

ಎರಡನೆಯ ಮಾತು

ಏರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. “ಇನ್ನೆಷ್ಟು ದೂರ?”

ನಾನು ಹೇಳುವುದೂ ಒಂದೇ. “ಬಂತು.”

ಇದು ಸುಳ್ಳಲ್ಲ. ನಮ್ಮ ಕಡೆ ಎಲ್ಲರೂ ಹೀಗೇ ಹೇಳುವುದು. ಇನ್ನು ಎರಡು ಗಂಟೆ ಉಂಟು ಎಂದು ನಿಜ ಹೇಳಿದರೆ ಮನುಷ್ಯ ಅಲ್ಲೇ ಕೂರುತ್ತಾನೆ. ಬಂತು ಎಂದರೆ ಇನ್ನು ನೂರು ಹೆಜ್ಜೆ ಹಾಕುತ್ತಾನೆ. ಆಮೇಲೆ ಮತ್ತೆ ಕೇಳುತ್ತಾನೆ. ಮತ್ತೆ ಬಂತು. ಹೀಗೆ ನೂರು ನೂರು ಹೆಜ್ಜೆಯಾಗಿ ಎಂಥವನನ್ನೂ ಹತ್ತಿಸಿದ್ದೇನೆ.

ಬಂದವರು ಅಭಿಪ್ರಾಯ ಬರೆಯಲು ಕೆಳಗೆ ಒಂದು ಪುಸ್ತಕ ಇಟ್ಟಿದ್ದರು. ಒಂದು ದಿನ ರೇಂಜರ್ ಸಾಹೇಬರು ಆ ಪುಸ್ತಕ ಹಿಡಿದು ನನ್ನನ್ನು ಕರೆಸಿದರು. ಹೊಸಬರು, ಬಯಲುಸೀಮೆಯವರು, ಒಳ್ಳೆಯ ಮನುಷ್ಯ. ನಾನು ನಿಂತೆ. ಅವರು ಓದಿದರು.

“ದಾರಿ ಅದ್ಭುತ. ಗೈಡ್ ದಾರಿಯುದ್ದಕ್ಕೂ ‘ಬಂತು’ ಎಂಬ ಒಂದೇ ಮಾತನ್ನು ಹದಿನಾಲ್ಕು ಸಲ ಆಡಿದರು. ಅದನ್ನು ಬಿಟ್ಟರೆ ಆಡಿದ್ದು ಇನ್ನೊಂದೇ ಮಾತು, ‘ಹಾವು’. ಅದನ್ನು ಸ್ವಲ್ಪ ಮೊದಲೇ ಆಡಬಹುದಿತ್ತು.”

ರೇಂಜರ್ ಪುಸ್ತಕ ಮುಚ್ಚಿದರು. “ಏನಿದು?”

“ಕೇರೆ ಹಾವು” ಎಂದೆ. “ಕಚ್ಚುವುದಿಲ್ಲ.”

“ಅದನ್ನು ಅವರಿಗೆ ಹೇಳಬೇಕಿತ್ತಲ್ಲ!”

ಹೇಳಬೇಕೆಂದೇ ಇದ್ದೆ. ಅವರು ಅಷ್ಟರಲ್ಲಿ ಕೆಳಗೆ ಓಡಿಹೋಗಿದ್ದರು. ಆ ಇಳಿಜಾರನ್ನು ಅಷ್ಟು ಬೇಗ ಇಳಿದವರನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ರೇಂಜರ್ ದನಿ ತಗ್ಗಿಸಿದರು. ಮೇಲಿನಿಂದ ದೊಡ್ಡ ಸಾಹೇಬರು ದಾರಿ ನೋಡಲು ಬರುತ್ತಾರಂತೆ. ದಾರಿ ಚೆನ್ನಾಗಿದೆ, ಅದರ ಚಿಂತೆ ಇಲ್ಲ. ಚಿಂತೆ ನನ್ನದೇ. “ಗೈಡ್ ಅಂದರೆ ಮಾತಾಡಬೇಕು. ಅವರು ಬರುವುದರೊಳಗೆ ಕಲಿಯಿರಿ. ಇಲ್ಲದಿದ್ದರೆ ಮಾತು ಬರುವವರನ್ನು ಹಾಕು ಅಂತಾರೆ. ನಾನು ಏನೂ ಮಾಡಲಿಕ್ಕೆ ಆಗುವುದಿಲ್ಲ.”

ಆ ದಿನ ಮನೆಗೆ ಬಂದು ಜಗಲಿಯನ್ನು ನೋಡಿದೆ. ಮತ್ತೆ ಅದರ ಮೇಲೆ ಕೂರುವುದು ನನ್ನಿಂದ ಆಗದು ಅನ್ನಿಸಿತು.

ಕಂಠಪಾಠ

ಹೆಂಡತಿಗೆ ಹೇಳಿದೆ. ಅವಳಿಗೆ ಹಬ್ಬ. ನಲವತ್ತು ವರ್ಷ ಕಾದಿದ್ದಳು, ನಾನು ಮಾತು ಕಲಿಯಲಿ ಎಂದು.

“ನಾನು ಹೇಳಿಕೊಡ್ತೇನೆ. ಒಂದೊಂದು ಜಾಗಕ್ಕೆ ಒಂದೊಂದು ಮಾತು. ಸಾಲಾಗಿ ಬಾಯಿಪಾಠ ಮಾಡಿ ಸಾಕು.”

ಕಾಡಿನ ಸೊಪ್ಪು, ಬೇರು, ಹಣ್ಣು ಎಲ್ಲ ಅವಳಿಗೆ ನನ್ನಷ್ಟೇ ಗೊತ್ತು. ಒಲೆಯ ಮುಂದೆ ಕೂತು ಹನ್ನೆರಡು ಮಾತು ಕಟ್ಟಿದಳು. ನಾನು ಕಲಿತೆ. ಗಂಜಿ ಉಣ್ಣುವಾಗ ಕೇಳುತ್ತಿದ್ದಳು. ತಪ್ಪಿದರೆ ಉಪ್ಪಿನಕಾಯಿ ಇಲ್ಲ.

ಮುಂದಿನ ತಂಡ ಅಂಕೋಲೆಯ ಕಡೆಯ ಶಾಲೆ ಮಾಸ್ತರರು, ಪಾಠ ಹೇಳುವ ಬಾಯಿಯವರು. ಎಂಟು ಜನ. ಅವರೆದುರು ಪರೀಕ್ಷೆ ಮಾಡಿಕೊಳ್ಳುವುದೆಂದು ಗಟ್ಟಿ ಮನಸ್ಸು ಮಾಡಿ ಹೊರಟೆ. ಆದರೆ ಹಿಂದಿನ ದಿನದ ಗಾಳಿಗೆ ಕೊಳ್ಳದ ಬಾಯಲ್ಲೇ ಒಂದು ಮರ ಬಿದ್ದಿತ್ತು. ಸುತ್ತಿನ ದಾರಿ ಅಲ್ಲವೇ, ಹಿಂದಿನಿಂದ ಹೋದರಾಯಿತು ಎಂದು ಉಲ್ಟಾ ಹೊರಟೆವು.

ದಾರಿ ಉಲ್ಟಾ ಆಯಿತು. ಬಾಯಿಪಾಠ ಆಗಲಿಲ್ಲ.

ಗುಡ್ಡದ ಬೆನ್ನಿನ ಮೇಲೆ ನಿಂತು ಹೇಳಿದೆ: “ನಾವೀಗ ಪಾತಾಳಕ್ಕೆ ಇಳಿದಿದ್ದೇವೆ. ತಲೆ ಎತ್ತಿ ಆ ಶಿಖರ ನೋಡಿ.”

ಎಂಟೂ ಜನ ತಲೆ ಎತ್ತಿದರು. ಆಕಾಶ ಇತ್ತು.

ನಿಲ್ಲಿಸಿದರೆ ಮುಂದಿನದು ಮರೆಯುತ್ತದೆ. ಹಾಗಾಗಿ ನಿಲ್ಲಿಸಲಿಲ್ಲ. ಬಿಸಿಲಿನಲ್ಲಿ ನಿಂತು ಹಳ್ಳದ ತಂಪಿನ ಬಗ್ಗೆ ಹೇಳಿದೆ. ಇಳಿಯುತ್ತಾ, “ಇನ್ನು ಕಠಿಣವಾದ ಏರು, ಧೈರ್ಯ ಇರಲಿ” ಎಂದೆ. ಅಷ್ಟರಲ್ಲಿ ಬಿದ್ದ ಮರ ಕಡಿದು ದಾರಿ ಬಿಡಿಸಿದ್ದರು. ಹೊರಗೆ ಬರುವ ಮೊದಲು ಕೊಳ್ಳದ ತಳದಲ್ಲಿ ನಿಂತೆವು. ಎರಡೂ ಬದಿ ಕಪ್ಪು ಬಂಡೆ. ಮೇಲೆ ಒಂದು ಗೇಣು ಬೆಳಕು. ನನ್ನ ಹನ್ನೆರಡನೆಯ ಮಾತು ಉಳಿದಿತ್ತು.

“ಇಲ್ಲಿಂದ ಇಡೀ ಸಮುದ್ರ ಕಾಣುತ್ತದೆ” ಎಂದೆ.

ಯಾರೂ ನಗಲಿಲ್ಲ. ಮಾಸ್ತರರಲ್ಲವೇ, ಬಾಯಿಪಾಠದ ಕಷ್ಟ ಬಲ್ಲವರು. ಎಲ್ಲರಿಗಿಂತ ಹಿರಿಯ ಬಾಯಿಯವರು ಮಾತ್ರ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

“ನಮಗೆ ಕಾಣೂದಿಲ್ಲ ಅಜ್ಜಾ. ನಿಮ್ಮದು ಹಳೆ ಕಾಲದ ಕಣ್ಣು” ಎಂದರು.

ಸೋಮವಾರದ ಬಂಗಡೆ

ಇನ್ನೊಂದು ಸಲ ಕಾರವಾರದ ಕಚೇರಿಯೊಂದರ ನೌಕರ ಒಬ್ಬನೇ ಬಂದ. ಸೋಮವಾರ. ನಡು ವಯಸ್ಸು, ಸ್ವಲ್ಪ ಹೊಟ್ಟೆ. ಅಂಥವರು ಕೊಳ್ಳದಲ್ಲೇ ಕೂರುತ್ತಾರೆ. ಇವನು ಒಂದು ಸಲವೂ ‘ಎಷ್ಟು ದೂರ’ ಎಂದು ಕೇಳಲಿಲ್ಲ. ಬೇರು ಹಿಡಿದು, ಬಂಡೆ ಅಪ್ಪಿ, ಉಸಿರು ಬಿಡುತ್ತಾ ಹತ್ತಿದ. ಭಲೇ ಅಂದುಕೊಂಡೆ.

ಬೆನ್ನಿನ ಮೇಲೆ ಒಂದು ಚಪ್ಪಟೆ ಕಲ್ಲು ಉಂಟು. ಅದರ ಮೇಲೆ ಕೂತು ಸುತ್ತ ನೋಡಿದ. ಯಾರೂ ಇಲ್ಲ. ಚೀಲದಿಂದ ಡಬ್ಬಿ ತೆಗೆದ. ರವೆ ಹಾಕಿ ಹುರಿದ ಬಂಗಡೆ. ಮೂರು. ಬೈತಖೋಲದ ಬಂದರಿನ ಹತ್ತಿರ ಒಂದು ಖಾನಾವಳಿಯಿಂದ ಬೆಳಗ್ಗೆಯೇ ಕಟ್ಟಿಸಿ ತಂದಿದ್ದನಂತೆ.

“ಮನೆಯಲ್ಲಿ ಸೋಮವಾರ ಮೀನಿಲ್ಲ,” ಎಂದ. “ಅಮ್ಮನ ವ್ರತ. ಪ್ಯಾಟೆಯಲ್ಲಿ ಎಲ್ಲಿ ತಿಂದರೂ ಯಾರಾದರೂ ನೋಡಿ ಅಮ್ಮನಿಗೆ ಹೇಳ್ತಾರೆ. ಇಲ್ಲಿ ಯಾರು ನೋಡ್ತಾರೆ ಹೇಳಿ?”

ಮೀನು ತಿನ್ನಲು ಇಷ್ಟು ಎತ್ತರ ಹತ್ತಿದವನನ್ನು ನಾನು ಕಂಡಿರಲಿಲ್ಲ. ಎರಡು ಬಂಗಡೆ ಮುಗಿಸಿದ. ದೊಡ್ಡದನ್ನು ಕೊನೆಗೆ ಇಟ್ಟಿದ್ದ. ಅದನ್ನು ಎತ್ತುವಾಗ ಮೋಡ ಸರಿದು ಸಮುದ್ರ ಇಡೀ ಹೊಳೆಯಿತು. ಅವನಿಗೆ ಹುರುಪು ಬಂತು. “ಅಬ್ಬಾ! ನೋಡಿ ಅಜ್ಜಾ!” ಎಂದು ಕೈ ಮೇಲೆತ್ತಿ ತೋರಿಸಿದ. ಅದೇ ಕೈಯಲ್ಲಿ ಬಂಗಡೆ.

ಸುಂಯ್ ಎಂದಿತು. ಕೈ ಖಾಲಿ.

ಮೇಲೆ ನೋಡಿದೆವು. ಕೆಂಪು ರೆಕ್ಕೆ, ಬಿಳಿ ಕುತ್ತಿಗೆ. ಗರುಡ. ದೇವರ ವಾಹನ, ಸೋಮವಾರದ ಬಂಗಡೆ ಹಿಡಿದು ಕಾರವಾರದ ಕಡೆಗೇ ಹಾರಿತು.

ಅವನ ಮುಖ ಬಿಳಿಚಿತು. ಎಣ್ಣೆಗೈಯಲ್ಲೇ ಕೆನ್ನೆ ಕೆನ್ನೆ ಬಡಿದುಕೊಂಡ. “ಅಜ್ಜಾ, ಯಾರಿಗೂ ಹೇಳಬೇಡಿ” ಎಂದ.

ನಾನು ತಲೆ ಆಡಿಸಿದೆ. ಕೆಳಗೆ ಬಂದ ಮೇಲೆ ಪುಸ್ತಕ ಕೇಳಿ ತಾನೇ ಬರೆದ. ರೇಂಜರ್ ಅದನ್ನು ಎರಡು ಸಲ ಓದಿದರು. ಅರ್ಥವಾಗಲಿಲ್ಲ.

“ಗೈಡ್ ಮಾತಾಡುವುದಿಲ್ಲ. ಬಹಳ ಒಳ್ಳೆಯವರು.”

ಪೋಂ ಪೋಂ

ದೊಡ್ಡ ಸಾಹೇಬರು ಬರುವ ದಿನ ಗೊತ್ತಾಯಿತು. ಅದೇ ವಾರ ನನ್ನ ಸೀಟಿ ಕೊಳ್ಳದ ಮಡುವಿನಲ್ಲಿ ಬಿತ್ತು. ಚದುರಿದವರನ್ನು ಕೂಡಿಸಲು ಸೀಟಿ ಬೇಕು. ಗುಡ್ಡದ ಮೇಲೆ ಆಗ ಮೊಬೈಲ್ ನಡೆಯುತ್ತಿರಲಿಲ್ಲ.

ನಮ್ಮ ಕೇರಿಗೆ ಎಂ-ಏಟಿ ಮೊಪೆಡ್ಡಿನಲ್ಲಿ ಮೀನು ತರುವವನೊಬ್ಬ ಇದ್ದ. ಕೈಯಲ್ಲಿ ಹಿಚುಕುವ ರಬ್ಬರಿನ ಹಾರ್ನು ಅವನದು. ಪೋಂ ಪೋಂ ಎಂದರೆ ಹೆಂಗಸರು ಪಾತ್ರೆ ಹಿಡಿದು ಓಡಿ ಬರಬೇಕು, ಬೆಕ್ಕು ಅವರಿಗಿಂತ ಮೊದಲು. ಆದರೆ ಆ ವಾರ ಗಾಳಿ ಎದ್ದು, ಸಮುದ್ರ ಕೆಟ್ಟು, ಬೈತಖೋಲದಲ್ಲಿ ದೋಣಿ ಕಟ್ಟಿಹಾಕಿದ್ದರು. ಆರು ದಿನ ಮೀನಿಲ್ಲ. ಕೇರಿಯಲ್ಲಿ ಎಲ್ಲರ ಸ್ವಭಾವ ಕೆಟ್ಟಿತ್ತು. ಹಾರ್ನು ಸುಮ್ಮನೆ ಅವನ ಮನೆಯ ಗೂಟಕ್ಕೆ ನೇತಾಡುತ್ತಿತ್ತು. ಕೇಳಿದೆ. ಕೊಟ್ಟ.

ಹೆಂಡತಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಬೆಳಗ್ಗೆ ಹೊರಟೆವು. ದೊಡ್ಡ ಸಾಹೇಬರು, ರೇಂಜರ್, ನಾನು. ಹನ್ನೆರಡೂ ಮಾತು ನಾಲಿಗೆಯ ತುದಿಯಲ್ಲಿತ್ತು, ಈ ಸಲ ಸರಿಯಾದ ದಿಕ್ಕಿನಲ್ಲಿ. ಕೊಳ್ಳದಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. “ನಾವೀಗ ಪಾತಾಳಕ್ಕೆ...”

ದೊಡ್ಡ ಸಾಹೇಬರು ಕೈ ಎತ್ತಿದರು. “ಶ್! ಮಾತು ಬೇಡ. ಕಾಡು ಕೇಳಬೇಕು ನನಗೆ.”

ರೇಂಜರ್ ನನ್ನನ್ನು ನೋಡಿದರು. ನಾನು ರೇಂಜರನ್ನು ನೋಡಿದೆ. ಎರಡು ತಿಂಗಳ ಉಪ್ಪಿನಕಾಯಿ ದಂಡವಾಯಿತು.

ಸಾಹೇಬರು ಗಟ್ಟಿ ಆಳು. ಏರನ್ನು ಮಂಗನ ಹಾಗೆ ಹತ್ತಿದರು. ಬೆನ್ನಿನ ಮೇಲೆ ಗಾಳಿಗೆ ಟೊಪ್ಪಿ ಹಿಡಿದು, “ಇಂಥ ಜಾಗ ನಾನು ನೋಡಿಲ್ಲ ಕಣ್ರೀ!” ಎಂದು ಕೂಗಿದರು. ಆಮೇಲೆ ನನ್ನನ್ನು ಕೇಳಿದರು. “ತುದಿಗೆ ಎಷ್ಟು ದೂರ?”

ನಾಲಿಗೆ ತಾನೇ ಹೇಳಿತು. “ಬಂತು.”

“ಹಾಗಾದರೆ ನೀವು ನಿಧಾನ ಬನ್ನಿ” ಎಂದು ಕ್ಯಾಮೆರಾ ಹಿಡಿದು ಮುಂದೆ ನಡೆದೇಬಿಟ್ಟರು. ರೇಂಜರ್ ಬೂಟಿನ ದಾರ ಕಟ್ಟುತ್ತಿದ್ದರು. ತುದಿ ಇನ್ನೂ ಒಂದು ಗಂಟೆಯ ದಾರಿ. ಅಷ್ಟರಲ್ಲಿ ಸಮುದ್ರದಿಂದ ಮೋಡ ಬಂದು ಬೆನ್ನಿನ ಮೇಲೆ ಕೂತಿತು. ಹತ್ತು ಮಾರು ಆಚೆ ಏನೂ ಕಾಣದು. ಓಡಿದೆವು. ತುದಿಯವರೆಗೂ ಹೋದೆವು. ಸಾಹೇಬರು ಇಲ್ಲ. ಹಿಂದೆ ಬಂದೆವು. ಚಪ್ಪಟೆ ಕಲ್ಲಿನ ಮೇಲೆ ಅವರ ನೀರಿನ ಬಾಟಲಿ ಮಾತ್ರ ಇತ್ತು.

ರೇಂಜರ್ ಬಾಟಲಿ ಎತ್ತಿಕೊಂಡರು. “ನಿಮ್ಮ ‘ಬಂತು’ವಿನಿಂದ ನನ್ನ ನೌಕರಿ ಹೋಯಿತು. ನಿಮ್ಮದಂತೂ ಹೋಯಿತೇ.”

‘ಕೂ’ ಹೊಡೆದೆ. ಉತ್ತರ ಇಲ್ಲ. ಹಾರ್ನು ತೆಗೆದೆ. ಇದ್ದ ಬಲವೆಲ್ಲ ಹಾಕಿ ಹಿಚುಕಿದೆ.

ಪೋಂ ಪೋಂ.

ಕೊಳ್ಳ ಅದನ್ನು ಹಿಡಿದು ನಾಲ್ಕೂ ದಿಕ್ಕಿಗೆ ಎಸೆಯಿತು. ಇಡೀ ಗುಡ್ಡವೇ ಮೀನು ಮಾರುತ್ತಿದ್ದ ಹಾಗೆ ಕೇಳಿತು.

ಕೆಳಗೆ ಕೇರಿಯಲ್ಲಿ ಆದದ್ದು ಇದು. ಆಮೇಲೆ ಹೆಂಡತಿಯೇ ಹೇಳಿದಳು. ಹಲವು ಸಲ ಹೇಳಿದಳು.

ಪೋಂ ಪೋಂ ದೂರದಲ್ಲಿ ಕೇಳಿದ್ದೇ, ಗಾಡಿ ಬರುವುದರೊಳಗೆ ಎಂದು ಎಲ್ಲ ಮನೆಯಲ್ಲಿ ಕೊಬ್ಬರಿ ತುರಿದು, ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ ಜಜ್ಜಿ, ಮಸಾಲೆ ಅರೆದು ಇಟ್ಟರು. ಆರು ದಿನದ ಆತುರ. ಪಾತ್ರೆ ಹಿಡಿದು ರಸ್ತೆಗೆ ಬಂದರು. ಎಂ-ಏಟಿ ಇಲ್ಲ. ಮತ್ತೆ ಪೋಂ ಪೋಂ. ಗುಡ್ಡದ ಮೇಲಿನಿಂದ!

ಹೋದ ವಾರ ಬಂಗಡೆ ಸಣ್ಣದು ಎಂದು ಹೆಂಗಸರೆಲ್ಲ ಸೇರಿ ಮೀನಿನವನ ಜೊತೆ ಜಗಳ ಮಾಡಿದ್ದರು. ಹೆಂಡತಿಗೆ ತಟ್ಟನೆ ಹೊಳೆಯಿತು.

“ಸಿಟ್ಟು ಮಾಡ್ಕೊಂಡಿದ್ದಾನೆ! ನಮ್ಮನ್ನು ತಪ್ಪಿಸಿ ಗುಡ್ಡದ ಮೇಲಿಂದ ಪಕ್ಕದ ಊರಿಗೆ ಬುಟ್ಟಿ ಹೊತ್ತು ಹೋಗ್ತಿದ್ದಾನೆ. ಬನ್ರೇ!”

ಹನ್ನೊಂದು ಹೆಂಗಸರು. ಸೀರೆ ಎತ್ತಿ ಕಟ್ಟಿದರು. ಯಾರೂ ಹತ್ತಲಾಗದು ಎಂದು ಇಲಾಖೆಯವರು ಸುತ್ತು ಹಾಕಿಸಿದ ಆ ನೇರ ಇಳಿಜಾರನ್ನು, ಬೆತ್ತದ ಬಲ್ಲೆ ಸೀಳಿಕೊಂಡು, ಅಲ್ಯುಮಿನಿಯಂ ಪಾತ್ರೆ ಸಮೇತ ಹತ್ತಿದರು. ಹಿಂದೆ ಎರಡು ಬೆಕ್ಕು.

ಅರ್ಧ ಗುಡ್ಡದಲ್ಲಿ, ಮುಳ್ಳಿಗೆ ಅಂಗಿ ಸಿಕ್ಕಿಸಿಕೊಂಡು ಒಬ್ಬ ಮನುಷ್ಯ ನಿಂತಿದ್ದ. ಟೊಪ್ಪಿ, ಕ್ಯಾಮೆರಾ. ನಮ್ಮ ದೊಡ್ಡ ಸಾಹೇಬರೇ. ಮಂಗಟ್ಟೆ ಹಕ್ಕಿಯ ಹಿಂದೆ ಬಂದು ಜಾರಿದ್ದರು.

“ಅಮ್ಮಾ, ಆ ಹಾರ್ನ್ ಎಲ್ಲಿಂದ ಬರ್ತಾ ಇದೆ?” ಎಂದು ಕೇಳಿದರು. “ನಾನು ಅಲ್ಲಿಗೇ ಹೋಗಬೇಕು.”

ನನ್ನ ಹೆಂಡತಿ ಸೊಂಟಕ್ಕೆ ಕೈ ಕೊಟ್ಟಳು. “ಹೋಗುವಿಯಂತೆ. ಸಾಲಲ್ಲಿ ಬಾ. ನಾವು ಆರು ದಿನದಿಂದ ಕಾದವರು. ಪಾತ್ರೆ ಎಲ್ಲಿ ನಿಂದು?”

“ಪಾತ್ರೆ ಇಲ್ಲ.”

“ಮತ್ತೆ ಟೊಪ್ಪಿಯಲ್ಲಿ ತಗೊಂಡು ಹೋಗ್ತೀಯ? ಸಾರು ಮಾಡುವವರು ಯಾರು ನಿಮ್ಮ ಮನೆಯಲ್ಲಿ?”

ಅಂಗಿ ಬಿಡಿಸಿದಳು. ಗೀರಿದ ಕಡೆ ಸೊಪ್ಪು ಹಿಂಡಿದಳು. ಯಾವ ಸೊಪ್ಪು, ಯಾವಾಗ ಹೂ ಬಿಡುತ್ತದೆ, ಯಾರ ಅತ್ತೆಗೆ ಯಾವ ಕಾಯಿಲೆಗೆ ಆಗಿಬಂತು, ಎಲ್ಲ ಹೇಳಿದಳು. ಹತ್ತುತ್ತಾ ಮರ, ಬಳ್ಳಿ, ಹಕ್ಕಿ, ಕಲ್ಲು ಒಂದನ್ನೂ ಬಿಡಲಿಲ್ಲ. ಸಾಹೇಬರು ‘ಶ್’ ಎಂದರೋ ಇಲ್ಲವೋ ಗೊತ್ತಿಲ್ಲ. ಎಂದಿದ್ದರೂ ಅವಳಿಗೆ ಕೇಳಿರಲಿಕ್ಕಿಲ್ಲ.

ನಾವು ಮೇಲೆ ಹಾರ್ನು ಹಿಚುಕುತ್ತಾ ನಿಂತಿದ್ದೆವು. ಮೋಡದ ಒಳಗಿನಿಂದ ಮೊದಲು ಬೆಕ್ಕು ಬಂತು. ರೇಂಜರ್ ಹುಲಿಮರಿ ಎಂದು ನನ್ನ ಹಿಂದೆ ಹೋದರು. ಆಮೇಲೆ ಪಾತ್ರೆಗಳ ಸದ್ದು. ಆಮೇಲೆ ಹೆಂಗಸರ ಸಾಲು. ನಡುವೆ, ಐದನೆಯವರಾಗಿ, ದೊಡ್ಡ ಸಾಹೇಬರು.

ಹೆಂಡತಿ ನನ್ನನ್ನು ನೋಡಿದಳು. ನನ್ನ ಕೈಯ ಹಾರ್ನು ನೋಡಿದಳು.

“ನೀವಾ?”

ನಾನು ಹಾರ್ನನ್ನು ಬೆನ್ನ ಹಿಂದೆ ಹಿಡಿದೆ.

“ಮೀನೆಲ್ಲಿ?”

ರೇಂಜರ್ ಪಕ್ಕೆಗೆ ತಿವಿದರು. “ಮಾತಾಡಿ ಅಜ್ಜಾ, ಈಗಲಾದರೂ ಮಾತಾಡಿ!”

“ಇಲ್ಲ” ಎಂದೆ.

“ಮಸಾಲೆ ಅರೆದಾಗಿದೆ ಮಾರಾಯ್ರೆ! ಹನ್ನೊಂದು ಮನೆಯಲ್ಲಿ!”

ದೊಡ್ಡ ಸಾಹೇಬರಿಗೆ ರೇಂಜರ್ ಎಲ್ಲ ಬಿಡಿಸಿ ಹೇಳಿದರು. ಅವರು ಚಪ್ಪಟೆ ಕಲ್ಲಿನ ಮೇಲೆ ಕೂತರು. ನಗುತ್ತಾ ನಗುತ್ತಾ ಕಲ್ಲಿನಿಂದ ಜಾರಿದರು. ಮತ್ತೆ ಕೂತರು. ಕಣ್ಣು ಒರೆಸಿಕೊಂಡು ಕೇಳಿದರು. “ಈ ತಾಯಿ ಯಾರು?”

“ನನ್ನ ಹೆಂಡತಿ” ಎಂದೆ.

“ಇಷ್ಟು ವರ್ಷದ ನೌಕರಿಯಲ್ಲಿ ಕಾಡಿನ ಬಗ್ಗೆ ಯಾರೂ ನನಗೆ ಇಷ್ಟು ಹೇಳಿಲ್ಲ. ಅರ್ಧ ಗಂಟೆಯಲ್ಲಿ ಹೇಳಿದ್ದಾರೆ. ರೇಂಜರೇ, ಬರೆದುಕೊಳ್ಳಿ. ದಾರಿಗೆ ಇವರೇ ಇರಲಿ. ಮಾತಿಗೆ ಈ ತಾಯಿ.”

ನನ್ನ ಕೆಲಸ ಉಳಿಯಿತು. ಗುಡ್ಡದ ಮೇಲಾದರೂ ಮೌನ ಇತ್ತು, ಅದು ಹೋಯಿತು.

ಎಲ್ಲರೂ ಕೂಡಿ ಇಳಿದೆವು. ಕೇರಿಗೆ ಬಂದರೆ ಬೇಲಿ ಕಟ್ಟುವ ಹಿರಿಯ ಜಗಲಿಯ ಮೇಲೆ ಒಬ್ಬನೇ ಕೂತಿದ್ದ.

“ಎಲ್ಲಿ ಹೋಗಿದ್ರಿ ಎಲ್ಲ? ಗಾಳಿ ನಿಂತು ಬೆಳಗ್ಗೆ ದೋಣಿ ಬಂತಂತೆ. ಮೀನಿನವ ಬಂದಿದ್ದ. ದೊಡ್ಡ ದೊಡ್ಡ ಬಂಗಡೆ. ಹಾರ್ನು ಇರಲಿಲ್ಲ ಪಾಪ, ಗಂಟಲು ಹರಿಯುವವರೆಗೆ ಕೂಗಿದ. ಒಬ್ಬರೂ ಹೊರಗೆ ಬರಲಿಲ್ಲ. ಇನ್ನೂ ಸಿಟ್ಟಿನಲ್ಲಿದ್ದಾರೆ ಅಂತ ಬೇಜಾರು ಮಾಡ್ಕೊಂಡು ಪಕ್ಕದ ಊರಿಗೆ ಹೋಗಿ ಎಲ್ಲ ಮಾರಿದ.”

ಹನ್ನೊಂದು ಹೆಂಗಸರು ನನ್ನ ಕಡೆ ತಿರುಗಿದರು. ಎರಡು ಬೆಕ್ಕೂ ತಿರುಗಿದವು.

ಮಧ್ಯಾಹ್ನ ಊಟಕ್ಕೆ ಕೂತೆ. ಹೆಂಡತಿ ಅನ್ನ ಬಡಿಸಿದಳು. ಅದರ ಮೇಲೆ ಬರೀ ಮಸಾಲೆಯ ಸಾರು ಹೊಯ್ದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಅವಳು ಒಂದು ಮಾತೂ ಆಡಲಿಲ್ಲ. ನನಗೆ ಹೆದರಿಕೆಯಾಯಿತು. ಏನಾದರೂ ಮಾತಾಡಬೇಕು ಅನ್ನಿಸಿತು.

“ಮೀನು?” ಎಂದೆ.

ಅವಳು ಸಾರಿನ ಸೌಟು ಕೆಳಗಿಟ್ಟಳು.

“ಬಂತು” ಎಂದಳು.